ಹಿಡಿ ಮಾಂದೆಲಿ

ರಾತ್ರಿಯಿಡೀ ಏರೋಲಿಯ ಆರನೇ ಮಾಳಿಗೆಯಲ್ಲಿ
ಒಂದು ಬ್ಯಾಂಕಿನ ಬಾಗಿಲು ಕಾಯುತ್ತೇನೆ.
ಬಾಗಿಲೆಂದರೆ ಕದವಿಲ್ಲ, ಚಿಲಕವಿಲ್ಲ,
ಪರದೆ ತುಂಬ ಉರುಳುವ ಸಾಲು ಸಾಲು ಅಂಕಿ.
ಎರಡೂ ಮುಕ್ಕಾಲಕ್ಕೆ ಒಂದು ಸಾಲು ಕೆಂಪಾಯಿತು:
ಯಾರೋ ತಪ್ಪು ಪಾಸ್‌ವರ್ಡು ಹಿಡಿದು
ನಲವತ್ತು ಸಲ ಬಡಿಯುತ್ತಿದ್ದಾರೆ.
ಎದೆ ಡವಡವ. ಹುಡುಕಿದರೆ
ಸಾಂಗಲಿ ಶಾಖೆಯ ಮ್ಯಾನೇಜರು, ನಿದ್ದೆ ಬಾರದೆ.

ಬಾಸ್ಕೊ ಡಾಬ್ರೆ ನಕ್ಕು ಡಬ್ಬಿ ಬಿಚ್ಚಿದ.
ವಸಾಯಿಯಲ್ಲಿ ಅವನಮ್ಮ ಕರಿದ ಫುಗಿಯಾ,
ಒಂದರ ಕೆನ್ನೆಗೊಂದು ಅಂಟಿ ಮಲಗಿದ್ದವು.
ಬಿಡಿಸಿ ಬಿಡಿಸಿ ತಿಂದೆವು.
ಎಂಟರ್ ಕೀಲಿಯ ಮೇಲೆ
ಇನ್ನೂ ಎಣ್ಣೆಯ ಮಿರುಗು ಉಂಟು.

ಏಳೂ ಹತ್ತಕ್ಕೆ ಭಾಂಡುಪಿನ ಸೇತುವೆ ಇಳಿದರೆ
ಮೂಗು ಮುಂದೆ, ನಾನು ಹಿಂದೆ.
ಚಾಂಗುಣಾಬಾಯಿ ಎಂಟು ವರ್ಷದಿಂದ
ನನ್ನನ್ನು ಶೆಟ್ಟಿ ಎಂದೇ ಕರೆಯುವುದು.
ನಾನು ಸಾಲ್ಯಾನ್. ತಿದ್ದುವುದು ಬಿಟ್ಟಿದ್ದೇನೆ;
ಕೇಳದೆಯೇ ಬಂಗುಡೆಯ ಕಿವಿರು ಎತ್ತಿ ತೋರಿಸುವ
ಹೆಂಗಸಿನ ಹತ್ತಿರ ಹೆಸರಿಗೆ ಜಗಳವೇ?

ಇವತ್ತು ಅವಳ ಮೋರೆ ಸಪ್ಪೆ.
ದುಡ್ಡು ಬಂತೆಂದು ಕೂಗುವ ಡಬ್ಬಿ
ಮೂರು ದಿನದಿಂದ ತುಟಿ ಬಿಚ್ಚಿಲ್ಲವಂತೆ.
"ಮಂಜುಗಡ್ಡೆ ಪಕ್ಕ ಕೂತು ಕೂತು
ಗಂಟಲು ಕಟ್ಟಿತೋ ಏನೋ, ಪಾಪ.
ಗಿರಾಕಿಗಳು ಫೋನು ತೋರಿಸ್ತಾರೆ, ಹಸಿರು ಗುರುತು,
ನಾನು ತಲೆಯಾಡಿಸ್ತೇನೆ."

ಬಗ್ಗಿದೆ. ತಕ್ಕಡಿಯ ಕಂಬಕ್ಕೆ ತೂಗಿದ
ಕಪ್ಪು ಬಿಳಿ ಚೌಕದ ಒಂದು ಮೂಲೆ ಎದ್ದಿತ್ತು,
ಅಲ್ಲೊಂದು ಮೀನಿನ ಹುರುಪೆ ಸಿಕ್ಕಿ ಹೊಳೆಯುತ್ತಿತ್ತು.
ಕಚೇರಿಯಲ್ಲಿ ಕೋಟಿ ಬೆಲೆಯ ಸಲಕರಣೆ;
ಇಲ್ಲಿ ಹೆಬ್ಬೆರಳ ಉಗುರು.
ಕೆರೆದೆ. ಮೇಲಿನ ಚೌಕ ಸುಲಿದು ಬಂತು.
ಕೆಳಗಿತ್ತು ಅವಳದೇ ಚೌಕ,
ಅರಿಶಿನ ಹತ್ತಿದ್ದು, ಹಳೆಯದು, ನಿಜದ್ದು.

ಆಮೇಲೆ ಅವಳ ಬಾಯಿಂದ ಬಂದದ್ದನ್ನು
ಯಾವ ವರದಿಯಲ್ಲೂ ಬರೆಯಲಾರೆ.
ಸಹಾಯವಾಣಿಗೆ ಹಚ್ಚಿದೆ. ಅದು ಹಾಡು ಕೇಳಿಸುತ್ತಿರುವಾಗ
ಅವಳು ಕಣ್ಣು ಮುಚ್ಚಿ ಒಪ್ಪಿಸಿದಳು:
ಶುಕ್ರವಾರ ಕನ್ನಡಕದ ಮಾಸ್ತರಿಗೆ ಎರಡು ಪಾಪ್ಲೆಟ್,
ಬಸುರಿ ಪೊಲೀಸಮ್ಮನಿಗೆ ಬೊಂಬಿಲ್,
ಆ ಜಿಪುಣ ಡಾಕ್ಟರನಿಗೆ ಅರ್ಧ ಕಿಲೋ ಸಿಗಡಿ,
ಅದರಲ್ಲೂ ಹತ್ತು ರೂಪಾಯಿ ಕಡಿಮೆ...
ಒಂದೂ ಬಿಡದೆ, ದಿನ ಹೊತ್ತು ದರ ಸಮೇತ,
ಹನ್ನೊಂದು ಸಾವಿರದ ಮುನ್ನೂರ ಹತ್ತು.
ನಮ್ಮ ಸರ್ವರುಗಳಿಗೂ ಇಷ್ಟು ನೆನಪಿಲ್ಲ.
ಸಿಗುತ್ತದೋ ಇಲ್ಲವೋ; ನಾನು ಮಾತು ಕೊಡಲಿಲ್ಲ.
ಅವಳು ಒಂದು ಹಿಡಿ ಮಾಂದೆಲಿ ಚೀಲಕ್ಕೆ ಸುರಿದಳು.
ಬೇಡ ಅಂದರೆ,
"ನಿನಗೆ ಯಾರು ಕೊಟ್ಟರು ಶೆಟ್ಟಿ? ನಿನ್ನ ಉಗುರಿಗೆ."

ಮನೆಯಲ್ಲಿ ವಾರಿಜಾ ಸೊಂಟಕ್ಕೆ ಕೈ ಕೊಟ್ಟು,
"ಬಂಗುಡೆ ತರಲಿಕ್ಕೆ ಸಮುದ್ರಕ್ಕೇ ಹೋದದ್ದಾ?"
ವಿರಾರಿನಿಂದ ಭೋಜಮಾವ ಆಗಲೇ ಬಂದು
ಇಸ್ಪೀಟು ಕಲಸುತ್ತ ಕೂತಿದ್ದಾರೆ. ಅವರ ಪಾಸ್‌ವರ್ಡು
ನಮ್ಮ ಬಿಲ್ಡಿಂಗಿನ ವಾಚ್‌ಮನ್ನಿಗೂ ಗೊತ್ತು:
ಮಲ್ಪೆ ಒಂದು ಎರಡು ಮೂರು.
ಬದಲಿಸಿ ಮಾವ ಅಂದರೆ,
"ಹುಟ್ಟಿದ ಊರು ಬದಲಾಗ್ತದಾ ಮಾರಾಯ?"
ಮಗಳು ನಗುತ್ತಾಳೆ. ಅವಳದ್ದು ಹದಿನಾರು ಅಕ್ಷರ,
ಅಪ್ಪನಿಗೂ ಹೇಳಳು.
ಹೆಮ್ಮೆಯೇ; ಚೂರು ಸಂಕಟವೂ.

ಹುಣಸೆ, ಮೆಣಸಿನ ಹುಡಿ, ರವೆ.
ಮಾಂದೆಲಿ ಕಾವಲಿಗೆ ಬಿದ್ದು ಚುಂಯ್ ಎನ್ನುವುದಕ್ಕೂ
ವಸಾಯಿಯ ಗಾಡಿ ತಪ್ಪಿಸಿಕೊಂಡ ಬಾಸ್ಕೊ
ನಿದ್ದೆಗಣ್ಣಲ್ಲಿ ಗಂಟೆ ಒತ್ತುವುದಕ್ಕೂ ಸರಿಹೋಯಿತು.
ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ,
ಮುಳ್ಳು ಸಮೇತ ಮುರಿಯುವ ಮಾಂದೆಲಿ.
ಐದು ಜನ, ನಾಲ್ಕು ಕುರ್ಚಿ; ಮಾವ ನೆಲಕ್ಕೆ,
ಅಲ್ಲಿಂದಲೇ ಎಲ್ಲರಿಗಿಂತ ಹೆಚ್ಚು ತಿಂದರು.

ಅಷ್ಟರಲ್ಲಿ ಫೋನು ನಡುಗಿತು, ಯಾವುದೋ ಸಂದೇಶ.
ಬ್ಯಾಂಕೋ, ಸಹಾಯವಾಣಿಯೋ.
ಹೆಬ್ಬೆರಳು ಒತ್ತಿದೆ, ಮಸಾಲೆ ಮೆತ್ತಿದ್ದೇ.
ಗುರುತು ಸಿಗಲಿಲ್ಲ ಎಂದಿತು.
ಮತ್ತೆ ಒತ್ತಿದೆ.
ಇದು ನೀನಲ್ಲ ಎಂದಿತು.
ಇರಬಹುದು, ಅಂದೆ.
ವಾರಿಜಾ, ಆ ಕರಿಕಲಾದದ್ದು ಇತ್ತ ಹಾಕು.