ರೆಕ್ಕೆಯ ತುದಿಗೆ ನಡೆಯುವವಳು

ಆಂಕರೇಜಿನಲ್ಲಿ ಬೆಳಗಿನ ಜಾವ ಮೂರೂವರೆ,
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಸರಕಿನ ವಿಮಾನ ಹಿಂದಕ್ಕೆ ಸರಿಯುತ್ತಿದೆ.

ತನ್ನ ಬೆನ್ನು ತನಗೆ ಕಾಣದು;
ಅಷ್ಟೆತ್ತರ ಕೂತ ಪೈಲಟ್ಟಿಗೂ
ತನ್ನದೇ ರೆಕ್ಕೆಯ ತುದಿ ಕಾಣದು.
ಅದಕ್ಕೇ ಸಿಯೆನಿ ನಡೆಯುತ್ತಾಳೆ ಜೊತೆಗೆ,
ಕೈಯಲ್ಲೆರಡು ಕಿತ್ತಳೆ ಬೆಳಕಿನ ಕೋಲು,
ಬೂಟಿನೊಳಗೆ ಅಮ್ಮ ಕಳಿಸಿದ ಮೂರು ಜೊತೆ ಕಾಲುಚೀಲ.
ಸಮೋವಾದಲ್ಲಿ ಕಾಲುಚೀಲ ಯಾರಿಗೆ ಬೇಕು,
ಎಲ್ಲಿ ಹುಡುಕಿ ತಂದಳೋ.

ಎಣ್ಣೆ ಕುಡಿದ ರೆಕ್ಕೆ ಮೊಳದಷ್ಟು ಜೋತಿದೆ.
ನೆಲ ಬಿಟ್ಟೊಡನೆ ಆಳೆತ್ತರ ಮೇಲಕ್ಕೆ ಬಾಗುತ್ತದಂತೆ.
ಅವಳು ನೋಡಿಲ್ಲ.
ಅವಳ ಪಾಲಿಗೆ ಬಂದದ್ದು
ಯಾವಾಗಲೂ ಭಾರದ ರೆಕ್ಕೆ.

ಮಂಜು ಬಿಡಿಸುವ ಲಾರಿಯೊಂದನ್ನು
ಯಾರೋ ಬಿಟ್ಟುಹೋಗಿದ್ದಾರೆ
ಎತ್ತಿದ ತೊಟ್ಟಿಲ ಸಮೇತ,
ಗೆರೆಯಿಂದ ಒಂದು ಗೇಣು ಈಚೆ.

ಕೋಲೆರಡನ್ನೂ ತಲೆಯ ಮೇಲೆ ಅಡ್ಡ ಹಿಡಿದಳು.
ಮುನ್ನೂರು ಟನ್ನು
ನಿಂತಿತು.

ಟಗ್ಗಿನ ವೆಂಡೆಲ್ ಗೊಣಗುತ್ತ ಇಳಿದ,
ಕತ್ತೆತ್ತಿ ನೋಡಿದ, ಸುಮ್ಮನಾದ.
ಲಾರಿ ಸರಿಸಿದರು. ಹನ್ನೊಂದು ನಿಮಿಷ ತಡ.
ತಡವಾದದ್ದನ್ನು ಬರೆಯಲು ಒಂದು ಫಾರಂ ಇದೆ;
ತಾಗದೆ ಹೋದದ್ದನ್ನು ಬರೆಯಲು ಇಲ್ಲ.

ಬೆರಳುಗಳು ಇನ್ನೂ ಇವೆಯೋ ಎಂದು
ಬೂಟಿನೊಳಗೆ ಆಡಿಸಿ ನೋಡಿದಳು.
ಮುಂದಿನದು, ನಾಲ್ಕು ಹತ್ತಕ್ಕೆ.