ಗೋಡೆಯ ಮೇಲಿನ ದೊಡ್ಡ ಮೊಬೈಲ್

"ಮಕ್ಕಳಿಗೆ ಮೊಬೈಲ್ ಕೊಡಬೇಡಿ ಅಂತ
ಹೋದ ವರ್ಷ ನೀವೇ ಹೇಳಿದ್ದು ಟೀಚರ್.
ಈಗ ನೀವೇ ಗೋಡೆಗೆ
ಅಷ್ಟು ದೊಡ್ಡ ಮೊಬೈಲ್ ಅಂಟಿಸಿ ಕೂತಿದ್ದೀರಿ.
ಎಂತ ಇದು?"

ಝೊಹರಮ್ಮನ ಬೆರಳ ತುದಿಯಲ್ಲಿ
ಬೀಡಿಯ ನೂಲು ಕೊರೆದ ಗೆರೆ.
ಇಪ್ಪತ್ತೈದರ ಕಟ್ಟು ಎಣಿಸಿದ ಹಾಗೆ
ಮಾತು ಎಣಿಸಿಟ್ಟಳು ಮೇಜಿನ ಮೇಲೆ.
ಒಂದೂ ಕಡಿಮೆ ಇರಲಿಲ್ಲ.

ಬೆಂಗ್ರೆಯ ಶಾಲೆ. ಈಚೆ ನದಿ, ಆಚೆ ಕಡಲು,
ಕಿಟಕಿ ತೆರೆದರೆ ಪುಸ್ತಕದೊಳಗೂ ಮರಳು.
ಸಭೆಗೆ ಬಂದದ್ದು ಹದಿನಾಲ್ಕು ಜನ.
ನನ್ನ ಕೈಯಲ್ಲಿ ತರಬೇತಿಯವರು ಕೊಟ್ಟ ಕಾಗದ:
ಕಲಿಕಾ ಫಲಗಳು, ಸಂವಾದಾತ್ಮಕ ಬೋಧನೆ,
ಇಪ್ಪತ್ತೊಂದನೆಯ ಶತಮಾನದ ಕೌಶಲಗಳು.
ಎರಡು ಸಾಲು ಓದಿದೆ.
ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು;
ನನಗೂ ಬಂತು, ನುಂಗಿದೆ.

ಭೋಜ ಪುತ್ರನ್ ಎದ್ದರು, ಟ್ರಾಲ್ ಬೋಟಿನ ತಂಡೇಲರು,
ಎರಡು ರಾತ್ರಿಯ ನಿದ್ದೆ ಕಣ್ಣಲ್ಲೇ ಉಂಟು.
"ನಮ್ಮ ಬೋಟಲ್ಲೂ ಇಂಥದ್ದೊಂದು ಉಂಟು ಮಾರಾಯ್ರೆ.
ಮೀನು ಎಲ್ಲಿ ಅಂತ ತೋರಿಸ್ತದೆ.
ಬಲೆ ನಾವೇ ಎಳೀಬೇಕು."
ಪರವೋ ವಿರೋಧವೋ ತಿಳಿಯಲಿಲ್ಲ.
ಅವರಿಗೂ ತಿಳಿದಿರಲಿಲ್ಲವೇನೋ, ಕೂತುಬಿಟ್ಟರು.

ಕಾಗದ ಮಡಚಿದೆ.
ಝೊಹರಮ್ಮ, ನಿಮ್ಮ ರೈಫಾ ನಾಲ್ಕು ವರ್ಷ
ಮುಂದಿನ ಬೆಂಚಲ್ಲಿ ಕೂತು ನನ್ನ ತುಟಿ ಓದಿದಳು.
ನಾನು ಹಲಗೆಯ ಕಡೆ ತಿರುಗಿದಾಗಲೆಲ್ಲ
ಅವಳ ಪಾಲಿಗೆ ಪಾಠ ನಿಲ್ಲುತ್ತಿತ್ತು.
ಬೆನ್ನಿಗೆ ತುಟಿ ಇಲ್ಲವಲ್ಲ.
ಅದು ನನಗೆ ಹೊಳೆದದ್ದು ಈ ಜೂನಿನಲ್ಲಿ,
ಇದರ ಕೆಳಗೆ ಅಕ್ಷರ ಮೂಡಿದ ದಿನ,
ಅವಳು ಮೊದಲ ಸಲ ಕೈ ಎತ್ತಿದಾಗ.

ಝೊಹರಮ್ಮ ತಲೆಯ ಶಾಲು ಸರಿಮಾಡಿಕೊಂಡಳು.
"ಸೌಂಡ್ ತೆಗೀರಿ.
ಅವಳಿಗೆ ಹೇಗೋ ಹಾಗೇ ನೋಡ್ತೇನೆ."

ತೆಗೆದೆ.
ಪರದೆಯಲ್ಲಿ ಒಬ್ಬ ದನಿಯಿಲ್ಲದೆ ಬಾಯಿ ಆಡಿಸುತ್ತಿದ್ದ,
ಚಂದ್ರ ಕಡಲನ್ನು ಎಳೆಯುವ ಪಾಠ.
ಅವನ ಕಾಲಡಿಯಲ್ಲಿ ಕನ್ನಡದ ಸಾಲು
ಬಂದು, ನಿಂತು, ಹೋಯಿತು.
ಫ್ಯಾನಿನ ಸದ್ದು.
ಅಳಿವೆಯಲ್ಲಿ ಯಾವುದೋ ಬೋಟಿನ ಸದ್ದು.

ಝೊಹರಮ್ಮನಿಗೆ ಓದು ಬಾರದು.
ನಾನು ಮರೆತೇಬಿಟ್ಟಿದ್ದೆ.
ಬಾಗಿಲಲ್ಲಿ ನಿಂತ ರೈಫಾ
ಉಮ್ಮನ ಮುಖ ನೋಡಿದಳು, ಪರದೆ ನೋಡಿದಳು,
ಪಕ್ಕ ಬಂದು ಕೂತು ಓದತೊಡಗಿದಳು.
ಒತ್ತಕ್ಷರ ನುಂಗಿ, ಸ ಶ ಒಂದೇ ಮಾಡಿ,
ಎಷ್ಟು ಗಟ್ಟಿಯೆಂದು ತನಗೇ ತಿಳಿಯದ ದನಿಯಲ್ಲಿ:
"ಅಮಾವಾಸೆ... ದಿನ... ನೀರು... ಹೆಚ್ಚು ಏರುತದೆ."

"ಅದು ನನಗೆ ಗೊತ್ತುಂಟು" ಎಂದಳು ಝೊಹರಮ್ಮ.
"ಅಂಗಳದ ತನಕ ಬರ್ತದೆ.
ಎಳೆಯೋದು ಚಂದ್ರ ಅಂತ ಗೊತ್ತಿರಲಿಲ್ಲ."

ಒಪ್ಪಿದೆ ಎನ್ನಲಿಲ್ಲ.
"ಇಪ್ಪತ್ತು ನಿಮಿಷ ಸಾಕು. ಮತ್ತೆ ಬರೆಸಿ.
ಸುಮ್ಮನೆ ಕೂತ ಕೈ ಎಲ್ಲ ಮರೀತದೆ."
ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ
ಶಾಯಿಯನ್ನು ಗೋಡೆಗಲ್ಲ, ತನ್ನ ಸೀರೆಗೇ ಒರೆಸಿಕೊಂಡಳು.

ಐದೂವರೆಯ ಫೆರಿ ತಪ್ಪಿತು.
ಆರರದ್ದರಲ್ಲಿ ಎಂಜಿನಿನ ಪಕ್ಕ ಜಾಗ.
ಎದುರಿಗೆ ಇಬ್ಬರು ಹೆಂಗಸರು ಖಾಲಿ ಮೀನಬುಟ್ಟಿಯಿಟ್ಟು
ಏನೋ ಹೇಳಿಕೊಂಡು ನಗುತ್ತಿದ್ದರು.
ಬಂದರು ಮುಟ್ಟುವವರೆಗೂ
ಅವರ ತುಟಿಯನ್ನೇ ನೋಡಿದೆ.
ಒಂದು ಶಬ್ದ ಸಿಗಲಿಲ್ಲ.