ಬಾಡಿಗೆ ರಕ್ಕಸ

ಬಳೇಪೇಟೆಯಲ್ಲಿ, ವೀಣೆಯಂಗಡಿ ದಾಟಿ,
ಒಬ್ಬರೇ ಹಿಡಿಸುವ ಮರದ ಮೆಟ್ಟಿಲು ಹತ್ತಿದರೆ
ನಮ್ಮಪ್ಪ ವಿಠೋಬರಾಯರ ಡ್ರೆಸ್ ಕಂಪನಿ.
ಈಗ ನನ್ನದು.
ಕಿರೀಟ ಇಪ್ಪತ್ತಾರು, ಗದೆ ಒಂಬತ್ತು,
ಹಾರುವ ಕುದುರೆಗೆ ರೆಕ್ಕೆ ಒಂದೇ.
ಇನ್ನೊಂದನ್ನು ತುಮಕೂರಿನ ನಾಟಕದವರು
ಇಪ್ಪತ್ತು ವರ್ಷದಿಂದ ನಾಳೆ ತರುತ್ತಿದ್ದಾರೆ.

ಅಟ್ಟದ ತುದಿಗೆ ರಕ್ಕಸನ ತಲೆ.
ಹಳೇ ಪೇಪರು ನೆನೆಸಿ, ಮೆಂತ್ಯದ ಹಿಟ್ಟು ಕಲಸಿ
ಅಪ್ಪ ಹದಿನೇಳು ದಿನ ತಟ್ಟಿ ತಟ್ಟಿ ಮಾಡಿದ್ದು.
ಹೊಳ್ಳೆಯೊಳಗೆ ಟಾರ್ಚು ಬಿಟ್ಟರೆ ಈಗಲೂ
ಯಾವುದೋ ವರ್ಷದ ಸೀಮೆಎಣ್ಣೆ ಕ್ಯೂ ಸುದ್ದಿ
ಅರ್ಧ ಓದಬಹುದು.

ಬಾಡಿಗೆ ಪುಸ್ತಕವೇ ಅವನ ಜಾತಕ.
ಮೊದಮೊದಲು ಬಂದವರು ಕೇಳಿದ್ದು ಒಂದೇ:
ಹಲ್ಲು ಇನ್ನೂ ಉದ್ದ ಆಗುತ್ತಾ ರಾಯರೆ,
ಹಿಂದಿನ ಬೆಂಚಿನವರೂ ಬೆವರಬೇಕು.
ಅಪ್ಪ ಉದ್ದ ಮಾಡಿದ.
ಟೀವಿ ಬಂತು. ಜನಕ್ಕೆ ಭಯ ಸಾಕಾಯಿತು,
ನಗು ಬೇಕು ಅಂದರು. ಕೆನ್ನೆಗೆ ಗುಲಾಬಿ ಬಳಿದ.
ಆಮೇಲೆ ಕಾನ್ವೆಂಟಿನ ವಾರ್ಷಿಕೋತ್ಸವ:
ಯುಕೇಜಿ ಮಗುವೊಂದು ಉಚ್ಚೆ ಹೊಯ್ದುಕೊಂಡಿತೆಂದು
ಹೆಡ್‌ಮಿಸ್ಸು ಪತ್ರ ಬರೆದರು.
ಅಪ್ಪ ಗರಗಸ ತಂದು ಎಡಗೋರೆ ಕುಯ್ದ.
ಬಲದ್ದಕ್ಕೆ ಕೈ ಬರಲಿಲ್ಲ.
ಆ ರಾತ್ರಿ ತಟ್ಟೆಯ ಮುಂದೆ ಕೂತವನು
ಯಾಕೋ ಅಗಿಯೋಕಾಗ್ತಿಲ್ಲ ಕಣೇ, ಅಂದ.

ಮುಂದಿನ ಹಾಳೆಗಳು ಖಾಲಿ.
ಕೆಳಗೆ ಮೆಟ್ರೋ ಸುರಂಗ ಕೊರೆಯುವಾಗ ಮಾತ್ರ
ಅಟ್ಟದಲ್ಲಿ ಅವನು ಮೆಲ್ಲಗೆ ತಲೆಯಾಡಿಸುತ್ತಿದ್ದ,
ಯಾರೋ ಏನೋ ಕೇಳಿದ ಹಾಗೆ.

ಹೋದ ಆಷಾಢದಲ್ಲಿ ಒಬ್ಬಳು ಬಂದಳು,
ಶಿಫಾ ಅಂತ, ಎಚ್ಚೆಸ್ಸಾರ್ ಕಡೆಯ ಗೇಮ್ ಸ್ಟುಡಿಯೋದವಳು.
ತಲೆ ಬೇಡ ಆಂಟಿ, ಅದರ ಅಚ್ಚು ಸಾಕು.
ಅಂಗೈಯಗಲದ ಯಂತ್ರ ಹಿಡಿದು
ಅವನ ಸುತ್ತ ಸುತ್ತಿದಳು,
ಅರಳಿಕಟ್ಟೆ ಸುತ್ತುವವರ ನಿಧಾನದಲ್ಲಿ.
ಒಂದು ಕೋರೆ ಎಲ್ಲಿ?
ಹೆಡ್‌ಮಿಸ್ಸಿನ ಕಥೆ ಹೇಳಿದೆ.
ನಗಲಿಲ್ಲ. ಬರೆದುಕೊಂಡಳು.
ಇವನಮ್ಮ ಯಾರು? ಇವನಿಗೆ ನಿದ್ದೆ ಬರುತ್ತಾ?
ಕೊಲ್ಲೋಕೆ ಮುಂಚೆ ಯಾರಾದರೂ ಇವನನ್ನ
ಊಟ ಆಯ್ತಾ ಅಂತ ಕೇಳಿದಾರಾ?

ನಲವತ್ತು ವರ್ಷ ಆ ತಲೆಯ ಧೂಳು ಹೊಡೆದವಳು ನಾನು.
ಕೇಳಿರಲಿಲ್ಲ.
ಸಾಲಾಗಿ ಕೂತ ಕಿರೀಟಗಳ ಕಡೆ ನೋಡಿದೆ,
ಅವಕ್ಕೂ ಗೊತ್ತಿದ್ದಂತಿಲ್ಲ.

ಸಿಟ್ಟೂ ಬಂತು, ಸುಳ್ಳು ಯಾಕೆ.
ರಕ್ಕಸನಿಗೂ ಬಾಲ್ಯ, ನೆಗಡಿ, ಮನಸಿನ ನೋವು
ಎಲ್ಲ ಹಂಚಿಬಿಟ್ಟರೆ
ಕತ್ತಲೆಗೆ ಅಂತ ಯಾರುಳಿದರು?
ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಬಚ್ಚಿಟ್ಟವನು
ಕೌನ್ಸೆಲಿಂಗಿಗೆ ಟೋಕನ್ ಹಿಡಿದು ಕೂತರೆ
ಗಿಳಿ ಏನು ಮಾಡಬೇಕು, ಪಾಪ?
ಇಷ್ಟನ್ನೂ ಅವಳಿಗೆ ಹೇಳಲಿಲ್ಲ.
ಕಾಫಿ ಕೊಟ್ಟು ಕಳಿಸಿದೆ.

ಮೊನ್ನೆ ಸಂಜೆ ಕೆಳಗಿನ ತಬಲದಂಗಡಿ
ದಸ್ತಗೀರನ ಮೊಮ್ಮಗ
ನನ್ನ ಮೆಟ್ಟಿಲ ಮೇಲೇ ಕೂತಿದ್ದ, ಮೊಬೈಲಿಗೆ ಮುಖ ಕೊಟ್ಟು.
ಬಗ್ಗಿ ನೋಡಿದೆ. ಸೇತುವೆಗೆ ಅಡ್ಡ ನಿಂತಿದ್ದಾನೆ
ನಮ್ಮವನು. ಗುಲಾಬಿ ಕೆನ್ನೆ. ಒಂಟಿ ಕೋರೆ.
ಮೂರು ದಿನದಿಂದ ಇಲ್ಲೇ ಸಿಕ್ಕಾಕ್ಕೊಂಡಿದೀನಿ ಆಂಟಿ,
ಹೊಡೆದರೆ ಸಾಯಲ್ಲ, ವಾಪಸ್ಸು ಹೊಡೆಯೋದೂ ಇಲ್ಲ,
ನನ್ನ ಹಲ್ಲು ಹುಡುಕಿ ಕೊಡು ಅಂತಾನೆ.
ಹೊಡೆಯೋದು ಬಿಟ್ಟೆಯಾ?
ನಿನ್ನೆಯಿಂದ. ಸುಮ್ನೆ ನೋಡ್ತಾ ಕೂತಿದೀನಿ.
ಹುಡುಗನ ತೋಳ ಮೇಲೆ ರೋಮ ಎದ್ದಿತ್ತು.

ಒಳಗೆ ಹೋದೆ.
ಮೂರನೇ ಡ್ರಾಯರು, ಗುಂಡಿ ಡಬ್ಬಿಯ ತಳ,
ಬೇಗಡೆಯಲ್ಲಿ ಸುತ್ತಿ ಅಪ್ಪ ಇಟ್ಟದ್ದು.
ಬೆರಳಿಟ್ಟೆ. ಇನ್ನೂ ಚೂಪು.
ಸುತ್ತಿ, ಮತ್ತೆ ಇದ್ದಲ್ಲೇ ಇಟ್ಟು ಬಂದೆ.

ಎಲ್ಲಿರಬಹುದು ಆಂಟಿ?
ಹುಡುಕು, ಅಂದೆ.
ಮೆಟ್ಟಿಲ ಮೇಲೆ ಕತ್ತಲಾಗುತ್ತಿತ್ತು.
ಲೈಟು ಹಾಕಲಿಲ್ಲ.